ಕರೆಂಟ್ ಹೋಗಿದೆಯೋ, ಫೈಬರ್ ಕಟ್ಟಾಗಿದೆಯೋ?

ಅಡಿಕೆ ವ್ಯವಹಾರ ಮಾಡುವ ಒಂದು ಸಹಕಾರ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕೂರುವುದು ಶಿವಮೊಗ್ಗದಲ್ಲಿ. ಶಾಖೆಗಳು ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆ. ಪ್ರತಿ ಶಾಖೆಯಲ್ಲೂ ಒಂದು ರೂಟರ್, ಒಂದೆರಡು ಸ್ವಿಚ್, ಯುಪಿಎಸ್, ಕ್ಯಾಮೆರಾ ರೆಕಾರ್ಡರ್. ಇಷ್ಟೇ.

ಮಳೆ ಹಿಡಿಯಿತೆಂದರೆ ಫೋನ್ ಶುರು. "ಸಾರ್, ನೆಟ್ ಇಲ್ಲ." ಯಾಕೆ ಇಲ್ಲ ಅನ್ನುವುದೇ ದೊಡ್ಡ ಪ್ರಶ್ನೆ. ಘಟ್ಟದ ಸೆರಗಿನ ಊರುಗಳಲ್ಲಿ ಕೇಬಲ್ ಕಂಬದಿಂದ ಕಂಬಕ್ಕೆ ಹೋಗುತ್ತದೆ. ಮರ ಬಿದ್ದರೆ ಕರೆಂಟ್ ತಂತಿ, ಫೈಬರ್ ಎರಡೂ ಒಟ್ಟಿಗೇ ನೆಲಕ್ಕೆ. ಕರೆಂಟ್ ಮಾತ್ರ ಹೋಗಿದ್ದರೆ ಕಾಯಬೇಕು. ಫೈಬರ್ ಹೋಗಿದ್ದರೆ ಕೂಡಲೇ ದೂರು ಕೊಡಬೇಕು. ಎರಡಕ್ಕೂ ಓಡುವ ದಿಕ್ಕು ಬೇರೆ. ಹಾಗಾಗಿ ಎಲ್ಲ ಶಾಖೆಗಳ ಸ್ಥಿತಿಯನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟುವಾಗ ನಾನು ಮೊದಲು ಇಟ್ಟುಕೊಂಡ ಗುರಿ ಇದೊಂದೇ: ಕೆಂಪು ಬಿದ್ದ ತಕ್ಷಣ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗಬೇಕು.

ಅದಕ್ಕೆ ಲಿಬ್ರೆಎನ್‌ಎಂಎಸ್ ಅನ್ನುವ, ನೆಟ್‌ವರ್ಕ್ ಮೇಲೆ ಕಣ್ಣಿಡುವ ತಂತ್ರಾಂಶ ಆರಿಸಿಕೊಂಡೆ. ಉಚಿತ, ಹಳೆಯ ಕಂಪ್ಯೂಟರ್ ಮೇಲೂ ಓಡುತ್ತದೆ. ರೂಟರ್, ಸ್ವಿಚ್‌ಗಳಲ್ಲಿ ಎಸ್‌ಎನ್‌ಎಂಪಿ (ಸಾಧನದ ಸ್ಥಿತಿಯನ್ನು ದೂರದಿಂದಲೇ ಕೇಳುವ ವಿಧಾನ) ಆನ್ ಮಾಡಿದರೆ ಯುಡಿಪಿ 161ನೇ ಪೋರ್ಟ್‌ನಲ್ಲಿ ಅದು 5 ನಿಮಿಷಕ್ಕೊಮ್ಮೆ ಹೋಗಿ ವಿಚಾರಿಸಿಕೊಂಡು ಬರುತ್ತದೆ. ಹೀಗೆ ವಿಚಾರಿಸಲು ಬಳಸುವ ಗುಟ್ಟಿನ ಹೆಸರನ್ನು ಮೊದಲಿಂದ ಇರುವ 'ಪಬ್ಲಿಕ್' ಆಗಿಯೇ ಬಿಡಬೇಡಿ, ದಯವಿಟ್ಟು. ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿಯಲ್ಲಿ ಆ ಹೆಸರು ಬಯಲಲ್ಲೇ ಹರಿದಾಡುತ್ತದೆ. ಸಾಧನ ಒಪ್ಪಿದರೆ ಮೂರನೇ ಆವೃತ್ತಿ ಹಾಕಿ, ಅದರಲ್ಲಿ ಪಾಸ್‌ವರ್ಡೂ ಇದೆ, ಗೂಢಲಿಪಿಯೂ ಇದೆ.

ಇನ್ನು ಕರೆಂಟಿನ ವಿಷಯ. ದೊಡ್ಡ ಯುಪಿಎಸ್‌ಗೆ ನೆಟ್‌ವರ್ಕ್ ಕಾರ್ಡ್ ಹಾಕಿದರೆ ಬ್ಯಾಟರಿ ಮೇಲೆ ಓಡುತ್ತಿದೆಯಾ, ಇನ್ನೆಷ್ಟು ನಿಮಿಷ ಬರುತ್ತದೆ ಎಲ್ಲವನ್ನೂ ಅದೇ ಹೇಳುತ್ತದೆ. ಸಣ್ಣ ಶಾಖೆಗಳಿಗೆ ಆ ಕಾರ್ಡ್ ದುಬಾರಿ. ಅಲ್ಲಿ ನಾನು ಮಾಡಿದ್ದು ಹೀಗೆ. ಮೂಲೆಗೆ ಬಿದ್ದಿದ್ದ ಹಳೇ ವೈಫೈ ಆಕ್ಸೆಸ್ ಪಾಯಿಂಟ್ ಒಂದನ್ನು ತೆಗೆದುಕೊಂಡೆ. ಅದನ್ನು ಯುಪಿಎಸ್‌ಗೆ ಹಾಕದೆ ಗೋಡೆಯ ಸಾಕೆಟ್‌ಗೇ ನೇರವಾಗಿ ಚುಚ್ಚಿ, ಸ್ವಿಚ್‌ನ ಕೊನೆಯ ಪೋರ್ಟ್‌ಗೆ ಕೇಬಲ್ ಕೊಟ್ಟೆ. ಪೋರ್ಟ್ ಮೇಲೆ 'ಕರೆಂಟ್, ತೆಗೆಯಬೇಡಿ' ಅಂತ ಚೀಟಿ ಅಂಟಿಸಿದೆ. ಕರೆಂಟ್ ಹೋದ ಕ್ಷಣ ಅದು ಸಾಯುತ್ತದೆ. ಸ್ವಿಚ್ ಯುಪಿಎಸ್ ಮೇಲಿರುವುದರಿಂದ ಬದುಕಿರುತ್ತದೆ, 'ಈ ಪೋರ್ಟ್ ಬಿತ್ತು' ಅಂತ ಟ್ರ್ಯಾಪ್, ಅಂದರೆ ಕೇಳದೆಯೇ ತಾನಾಗಿ ಕೊಡುವ ಸೂಚನೆ, ಕಳಿಸುತ್ತದೆ. 5 ನಿಮಿಷ ಕಾಯುವ ಮಾತೇ ಇಲ್ಲ.

ಈಗ ಓದುವುದು ಸುಲಭ. ಆ ಪೋರ್ಟ್ ಮೊದಲು ಬಿದ್ದು, ಬ್ಯಾಟರಿ ಮುಗಿಯುವ ಹೊತ್ತಿಗೆ ರೂಟರ್ ಹೋದರೆ ಅದು ಕರೆಂಟ್. ಪೋರ್ಟ್ ಬೀಳದೆ ರೂಟರ್ ಮಾತ್ರ ಕಾಣೆಯಾದರೆ ಬಹುತೇಕ ಫೈಬರ್. ಮೂರನೆಯದು ಒಂದಿದೆ, ನಮ್ಮ ಕಡೆ ಅದೇ ಜಾಸ್ತಿ. ಕರೆಂಟ್ ಹೋಗಿದೆ, ನಮ್ಮ ಬ್ಯಾಟರಿ ಇನ್ನೂ ಧಾರಾಳ ಇದೆ, ಆದರೂ ಲಿಂಕ್ ಹೋಯಿತು. ಅಂದರೆ ನಡುದಾರಿಯಲ್ಲಿ ಸೇವೆ ಕೊಡುವವರ ಪೆಟ್ಟಿಗೆಯ ಬ್ಯಾಟರಿ ಮುಗಿದಿದೆ. ಇದನ್ನು ಸಮಯ ಸಮೇತ ತೋರಿಸಿದರೆ ಅವರೂ ವಾದಕ್ಕೆ ನಿಲ್ಲುವುದಿಲ್ಲ, ಬ್ಯಾಟರಿ ನೋಡಿಸುತ್ತಾರೆ.

ಫೈಬರ್ ಕಟ್ಟಾಗುವ ಮೊದಲೇ ಸುಳಿವು ಕೊಡುವುದೂ ಉಂಟು. ಬರುವ ಬೆಳಕಿನ ಬಲವನ್ನು ಡಿಬಿಎಂ ಅನ್ನುವ ಮಾಪನದಲ್ಲಿ ಅಳೆಯುತ್ತಾರೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. 3 ಡಿಬಿ ಇಳಿದರೆ ಬೆಳಕು ಅರ್ಧಕ್ಕೆ ಬಂತು ಅಂತ ಲೆಕ್ಕ. ಸಾಮಾನ್ಯವಾಗಿ ಬಳಸುವ, ಒಂದೇ ಫೈಬರನ್ನು ಹಲವರಿಗೆ ಹಂಚುವ ಜಿಪಾನ್ ಲೈನಿನಲ್ಲಿ ಮೈನಸ್ 27ರ ಹತ್ತಿರ ಹೋಯಿತೆಂದರೆ ಅಂಚಿಗೆ ಬಂದ ಹಾಗೆ. ಒಂದು ಶಾಖೆಯಲ್ಲಿ ಮೈನಸ್ 19ರಲ್ಲಿ ನೆಟ್ಟಗೆ ಇದ್ದ ಗೆರೆ ಮಳೆ ಜೋರಾದಾಗೆಲ್ಲ ಮೈನಸ್ 24, 25ಕ್ಕೆ ಇಳಿದು, ಮತ್ತೆ ಏರುತ್ತಿತ್ತು. ಲೈನ್ ಹುಡುಗನಿಗೆ ಗ್ರಾಫ್ ಕಳಿಸಿದೆ. ಕೇಬಲ್ ಮೇಲೆ ಒರಗಿದ್ದ ಕೊಂಬೆ ಸಿಕ್ಕಿತು. ಅದರಲ್ಲಿ ನೀರು ತುಂಬಿ ಭಾರವಾದಾಗ ಕೇಬಲ್ ಬಾಗುತ್ತಿತ್ತು. ಕಡಿದ ಮೇಲೆ ಗೆರೆ ಮತ್ತೆ ನೆಟ್ಟಗಾಯಿತು. ನನಗೆ ಈ ಕೆಲಸದಲ್ಲಿ ಅತಿ ಖುಷಿ ಕೊಡುವುದು ಇಂಥದ್ದೇ.

ಅಲರ್ಟ್ ಬಗ್ಗೆ ಒಂದು ಮಾತು. ಯಾವ ಸ್ವಿಚ್ ಯಾವ ರೂಟರಿನ ಹಿಂದಿದೆ ಅಂತ ಡ್ಯಾಶ್‌ಬೋರ್ಡಿಗೆ ಹೇಳಿಕೊಡಲೇಬೇಕು. ಇಲ್ಲದಿದ್ದರೆ ಒಂದು ರೂಟರ್ ಬಿದ್ದರೆ ಹಿಂದಿನ ಅಷ್ಟೂ ಸಾಧನಗಳ ಮೆಸೇಜ್ ಬರುತ್ತದೆ, ಆಮೇಲೆ ಯಾರೂ ನೋಡುವುದೇ ಇಲ್ಲ.

ಬ್ಯಾಂಡ್‌ವಿಡ್ತ್ ಕಥೆ ಬೇರೆ. ಸುಗ್ಗಿಯಲ್ಲಿ ರಾಶಿ, ಬೆಟ್ಟೆ, ಸರಕು (ಅಡಿಕೆಯ ಬಗೆಗಳು) ಬರುವ ಹೊತ್ತಿಗೆ, ಟೆಂಡರ್ ಸಮಯಕ್ಕೇ ನೆಟ್ ನಿಧಾನ ಅಂತ ಸಾಗರದ ಕಡೆಯ ಶಾಖೆಯಿಂದ ದೂರು ಬರುತ್ತಿತ್ತು. "ದೊಡ್ಡ ಪ್ಲಾನ್ ಹಾಕಿಸಿ ಸಾರ್" ಅಂದರು ಮ್ಯಾನೇಜರ್. ಗ್ರಾಫ್ ನೋಡಿದರೆ ಡೌನ್‌ಲೋಡ್ ಅರ್ಧಕ್ಕೂ ಬಂದಿಲ್ಲ. ಅಪ್‌ಲೋಡ್ ಮಾತ್ರ ಬೆಳಗ್ಗೆಯಿಂದ ತುದಿ ಮುಟ್ಟಿ ನಿಂತಿದೆ. ರೂಟರಿನಲ್ಲಿ ಯಾವ ಸಾಧನ ಎಷ್ಟು ಡೇಟಾ ಕಳಿಸುತ್ತಿದೆ ಅಂತ ತೋರಿಸುವ ನೆಟ್‌ಫ್ಲೋ ಆನ್ ಮಾಡಿದಾಗ ಕಂಡಿದ್ದು ಕ್ಯಾಮೆರಾ ರೆಕಾರ್ಡರ್, ದೃಶ್ಯವನ್ನೆಲ್ಲ ಕ್ಲೌಡಿಗೆ ಏರಿಸುತ್ತಿತ್ತು. ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ನಿಧಾನವಾಗುತ್ತದೆ, ಯಾಕೆಂದರೆ 'ಬಂತು, ಮುಂದಿನದು ಕಳಿಸು' ಅನ್ನುವ ಸಣ್ಣ ಉತ್ತರಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ರೆಕಾರ್ಡರಿಗೆ ಹಗಲು 1 ಎಂಬಿಪಿಎಸ್ ಮಿತಿ ಹಾಕಿ, ರಾತ್ರಿ ಬಿಟ್ಟೆ. ಪ್ಲಾನ್ ಬದಲಿಸಲಿಲ್ಲ.

ಗ್ರಾಫ್ ನಂಬುವ ಮೊದಲು ಪೋರ್ಟಿನಲ್ಲಿ ಹರಿದ ಡೇಟಾದ ಎಣಿಕೆ (ಕೌಂಟರ್) 64 ಬಿಟ್ಟಿನದ್ದಾ ಅಂತ ನೋಡಿಕೊಳ್ಳಿ. 32 ಬಿಟ್ಟಿನ ಕೌಂಟರ್ 1 ಗಿಗಾಬಿಟ್ ಪೋರ್ಟ್ ಪೂರ್ತಿ ತುಂಬಿ ಓಡುವಾಗ ಸುಮಾರು 34 ಸೆಕೆಂಡಿಗೇ ಸುತ್ತು ಹಾಕಿ ಸೊನ್ನೆಗೆ ಬರುತ್ತದೆ. 5 ನಿಮಿಷಕ್ಕೊಮ್ಮೆ ಓದಿದರೆ ಸಿಗುವುದು ಸುಳ್ಳು ಲೆಕ್ಕ. ಮತ್ತೆ, ಗೆರೆ ತೋರಿಸುವುದು ಆ 5 ನಿಮಿಷದ ಸರಾಸರಿ. 20 ಸೆಕೆಂಡಿನ ಉಬ್ಬರ ಅದರಲ್ಲಿ ಕರಗಿ ಹೋಗಿರುತ್ತದೆ.

ಈ ಮಳೆಗಾಲಕ್ಕೆ ಹೊಸದಾಗಿ ಸೇರಿಸಿದ್ದು 4ಜಿ ಬ್ಯಾಕಪ್ ಮೇಲಿನ ಅಲರ್ಟ್. ಫೈಬರ್ ಹೋದರೆ ರೂಟರ್ ತಾನೇ ಸಿಮ್‌ಗೆ ಬದಲಾಗುತ್ತದೆ. ಶಾಖೆಯವರಿಗೆ ಗೊತ್ತೂ ಆಗುವುದಿಲ್ಲ, ದಿನದ ಡೇಟಾ ಮುಗಿಯುವವರೆಗೆ. ಈಗ ಸಿಮ್ ಇಂಟರ್‌ಫೇಸಿನಲ್ಲಿ 10 ನಿಮಿಷ ಬಿಡದೆ ಡೇಟಾ ಹರಿದರೆ ನನಗೆ ಟೆಲಿಗ್ರಾಮ್ ಮೆಸೇಜ್ ಬರುತ್ತದೆ, ರೆಕಾರ್ಡರಿನ ಅಪ್‌ಲೋಡನ್ನು ರೂಟರ್ ಆ ಲೈನಿನಲ್ಲಿ ಪೂರ್ತಿ ತಡೆಯುತ್ತದೆ.