ರಾತ್ರಿಯ ಮಗ್ಗುಲು: ಮಲಗಿದವರ ಚರ್ಮ, ನೋಡಿಕೊಳ್ಳುವವರ ನಿದ್ದೆ

ಹಾಸಿಗೆ ಹಿಡಿದ ಹಿರಿಯರನ್ನು ಮನೆಗೆ ಕರೆತರುವಾಗ 'ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ' ಎಂದು ಹೇಳಿ ಕಳುಹಿಸುತ್ತಾರೆ. ಹಗಲಿನಲ್ಲಿ ಅದು ನಡೆಯುತ್ತದೆ. ರಾತ್ರಿಯೂ ಒಬ್ಬರೇ ಹಾಗೆ ಏಳುತ್ತಾ ಹೋದರೆ ವಾರ ಹದಿನೈದು ದಿನಕ್ಕೆ ಸೋತುಹೋಗುತ್ತಾರೆ, ಅಲಾರಾಂ ಹೊಡೆದರೂ ಎಚ್ಚರವಾಗುವುದಿಲ್ಲ. ಒಂದೇ ಕಡೆ ಭಾರ ಬಿದ್ದು ಚರ್ಮದಲ್ಲಾಗುವ ಹುಣ್ಣು (ಬೆಡ್ ಸೋರ್) ಶುರುವಾಗುವುದು ಆಗಲೇ. ಅದಕ್ಕೇ ನಾನು ಆರೈಕೆಯ ಪಟ್ಟಿ ಬರೆಯಲು ಕೂತಾಗ ಮೊದಲು ಬರೆಯುವುದು ರಾತ್ರಿಯ ಹೊತ್ತನ್ನು.

ಒಳ್ಳೆಯ ಗಟ್ಟಿ ಫೋಮ್ ಹಾಸಿಗೆ ಅಥವಾ ಏರ್ ಬೆಡ್ ಇದ್ದು, ಚರ್ಮ ಇನ್ನೂ ಚೆನ್ನಾಗಿದ್ದರೆ ರಾತ್ರಿ 10.30, 2.30, ಬೆಳಿಗ್ಗೆ 6.30. ನಡುವೆ ನಾಲ್ಕು ಗಂಟೆ ನಿದ್ದೆ. ಇದು ಸೋಮಾರಿತನದ ಲೆಕ್ಕವಲ್ಲ. ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಫೋಮ್ ಹಾಸಿಗೆಯ ಮೇಲೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ತಿರುಗಿಸಿದವರಲ್ಲಿ ಹುಣ್ಣಾಗುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಎಂದಿದೆ. ಆದರೆ ಪ್ರತಿ ಸಲ ಚರ್ಮ ನೋಡಲೇಬೇಕು. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಬಿಳಿಚದಿದ್ದರೆ ಅದು ಹುಣ್ಣಿನ ಮೊದಲ ಹಂತ: ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಎರಡು ಗಂಟೆಯ ಲೆಕ್ಕಕ್ಕೆ ಮರಳಿ, ವೈದ್ಯರಿಗೆ ಅಥವಾ ನರ್ಸ್‌ಗೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದೇ ಇರಬಹುದು. ಅಂಗೈ ಹಿಂಭಾಗ ಇಟ್ಟು ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಆ ಜಾಗವನ್ನು ಉಜ್ಜಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ಒಳಗೆ ಆಗಲೇ ನಲುಗಿದ ಮಾಂಸ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ಗಾಳಿ ರಿಂಗೂ ಬೇಡ. ಅದರ ಅಂಚು ಸುತ್ತಲೂ ಒತ್ತಿ ಮಧ್ಯಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ.

ಒಬ್ಬರೇ ತಿರುಗಿಸುವ ಕ್ರಮ ಇದು. ಹೆಗಲಿಂದ ತೊಡೆಯವರೆಗೆ ಬರುವಂತೆ ಬೆಡ್‌ಶೀಟೊಂದನ್ನು ಮಡಚಿ ಅವರ ಅಡಿಯಲ್ಲಿ ಸದಾ ಹಾಸಿಟ್ಟಿರಿ. ಎಡಕ್ಕೆ ತಿರುಗಿಸಬೇಕಾದರೆ ಮೊದಲು ಮಂಚದ ಬಲಗಡೆ ನಿಂತು, ಆ ಶೀಟನ್ನು ಹಿಡಿದು ಅವರನ್ನು ನಿಮ್ಮ ಕಡೆಗೆ ತುಸು ಸರಿಸಿ. ಇಲ್ಲದಿದ್ದರೆ ತಿರುಗಿದ ಮೇಲೆ ಮಂಚದ ಅಂಚಿಗೆ ಬರುತ್ತಾರೆ. ಬಲಗಡೆಯ ಕಂಬಿ ಏರಿಸಿ, ಎಡಗಡೆಗೆ ಬನ್ನಿ. 'ಅಜ್ಜಿ, ಈಗ ನನ್ನ ಕಡೆ ತಿರುಗಿಸ್ತೀನಿ' ಎಂದು ಹೇಳಿಯೇ ಮುಟ್ಟಿ. ಹೇಳದೆ ಎಳೆದರೆ ಮೈ ಬಿಗಿಯುತ್ತಾರೆ, ಭಾರ ಇಮ್ಮಡಿಯಾದಂತೆ ಅನ್ನಿಸುತ್ತದೆ. ಅವರ ಬಲಗೈಯನ್ನು ಎದೆಯ ಮೇಲಿಟ್ಟು, ಬಲಮಂಡಿ ಮಡಚಿ, ನಿಮ್ಮ ಒಂದು ಕೈ ಬಲಹೆಗಲ ಹಿಂದೆ, ಇನ್ನೊಂದು ಸೊಂಟದ ಹಿಂದೆ ಇರಲಿ. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಮೈಭಾರವನ್ನು ಮುಂಗಾಲಿಂದ ಹಿಂಗಾಲಿಗೆ ಹಾಕಿ. ತಿರುಗಿಸುವ ಕೆಲಸ ಆ ಭಾರದ್ದು, ನಿಮ್ಮ ಬೆನ್ನಿನದಲ್ಲ. ಮಂಚ ಸೊಂಟದ ಎತ್ತರಕ್ಕಿಲ್ಲದಿದ್ದರೆ ಒಂದು ಮಂಡಿಯನ್ನು ಹಾಸಿಗೆಯ ಮೇಲೆ ಊರಿಕೊಳ್ಳಿ.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಎಲುಬಿನ ಮೇಲೆಯೇ ಭಾರ ಬೀಳುತ್ತದೆ. 30 ಡಿಗ್ರಿ ವಾಲಿದರೆ ಸಾಕು: ಹೆಗಲಿಂದ ಸೊಂಟದವರೆಗೆ ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಈಗ ಬಾಲಮೂಳೆಯ ಅಡಿಗೆ ಕೈ ತೂರಿಸಿ ನೋಡಿ. ಸಲೀಸಾಗಿ ಹೋದರೆ ಸರಿ, ಸಿಕ್ಕಿಕೊಂಡರೆ ದಿಂಬು ಇನ್ನೊಂದಿಷ್ಟು ಒಳಕ್ಕೆ ಬೇಕು. ಅಂಗಾತ ಮಲಗಿಸಿದಾಗ ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸಿ. ಬರೀ ಹಿಮ್ಮಡಿಯ ಕೆಳಗೆ ದಿಂಬಿಟ್ಟರೆ ಒತ್ತಡ ಹೋಗುವುದಿಲ್ಲ.

ತಲೆಗಡೆ ಎತ್ತುವುದರಲ್ಲಿ ಬಹಳ ಜನ ತಪ್ಪುತ್ತಾರೆ. ಊಟದ ಹೊತ್ತಿಗೆ ನೆಟ್ಟಗೆ ಕೂರಿಸಬೇಕು, ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು, ಇಲ್ಲದಿದ್ದರೆ ತಿಂದದ್ದು ಶ್ವಾಸನಾಳಕ್ಕೆ ಹೋಗಬಹುದು. ಆದರೆ ಹಾಗೇ ಬಿಟ್ಟರೆ ಮೈ ಕೆಳಕ್ಕೆ ಜಾರುತ್ತದೆ. ಚರ್ಮ ಶೀಟಿಗೆ ಅಂಟಿ ನಿಲ್ಲುತ್ತದೆ, ಒಳಗಿನ ಎಲುಬು ಜಾರುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ಬಾಲಮೂಳೆಯ ಹುಣ್ಣುಗಳಲ್ಲಿ ಎಷ್ಟೋ ಹೀಗೇ ಆಗುವುದು. ಎತ್ತುವ ಮುಂಚೆ ಮಂಡಿಯ ಕೆಳಗೆ ದಿಂಬು ಕೊಡಿ, ಅರ್ಧ ಗಂಟೆ ಕಳೆದ ಮೇಲೆ 30 ಡಿಗ್ರಿಗೆ ಇಳಿಸಿ. ಉಸಿರಾಟದ ತೊಂದರೆ ಇರುವವರಿಗೆ, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವವರಿಗೆ ಎಷ್ಟು ಎತ್ತರ ಎಂಬುದನ್ನು ವೈದ್ಯರೇ ಹೇಳಬೇಕು.

ಏರ್ ಬೆಡ್ ಇದ್ದರೆ ದಿನಕ್ಕೊಮ್ಮೆ ಕೈ ಪರೀಕ್ಷೆ ಮಾಡಿ. ಗಾಳಿಯ ಪದರದ ಅಡಿಗೆ, ಬಾಲಮೂಳೆಯ ನೇರಕ್ಕೆ, ಅಂಗೈ ಮೇಲಾಗಿ ಕೈ ತೂರಿಸಿ. ಕೈಗೂ ಮೈಗೂ ನಡುವೆ ಒಂದು ಇಂಚಾದರೂ ಗಾಳಿ ಉಳಿದಿರಬೇಕು; ಎಲುಬು ಕೈಗೆ ತಗುಲಿದರೆ ಪಂಪಿನ ಒತ್ತಡ ಏರಿಸಿ, ಕೊಳವೆ ಎಲ್ಲಾದರೂ ಮಡಚಿದೆಯೇ ನೋಡಿ. ಅದರ ಮೇಲೆ ಕಂಬಳಿ, ರಬ್ಬರ್ ಶೀಟು, ಪ್ಯಾಡು ಎಂದು ಪೇರಿಸಿದರೆ ಹಾಸಿಗೆಯ ಉಪಯೋಗವೇ ಹೋಗುತ್ತದೆ. ಒಂದು ತೆಳು ಶೀಟು, ಸರಿಸಲು ಮಡಚಿ ಹಾಸಿದ ಆ ಶೀಟು, ಅಷ್ಟು ಸಾಕು. ಕರೆಂಟು ಹೋದರೆ ಗಾಳಿ ಇಳಿಯುತ್ತದೆ, ಆ ರಾತ್ರಿಗೆ ಎರಡು ಗಂಟೆಯ ಲೆಕ್ಕವೇ.

ಡಯಾಪರ್ ನೆನೆದ ತಕ್ಷಣ ಬದಲಿಸಿ, ತಿಕ್ಕದೆ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಇರುವ ಮುಲಾಮು ತೆಳುವಾಗಿ ಹಚ್ಚಿ.

ವಾರದಲ್ಲಿ ಒಂದು ರಾತ್ರಿಯಾದರೂ 2.30ರ ಸರದಿ ಬೇರೆಯವರದಾಗಲಿ. ಮನೆಯಲ್ಲಿ 'ನನಗೆ ಬರಲ್ಲ' ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಹಗಲಿನಲ್ಲಿ ಮೂರು ಸಲ ನಿಮ್ಮೆದುರೇ ಮಾಡಿಸಿ. ಮಂಚದ ತಲೆಗಡೆ ಒಂದು ಹಾಳೆ ಅಂಟಿಸಿ: ಗಂಟೆ, ಯಾವ ಮಗ್ಗುಲು, ಚರ್ಮ ಹೇಗಿತ್ತು, ಮಾಡಿದವರು ಯಾರು. ಅದು ತುಂಬಿದ್ದರೆ ಬೆಳಿಗ್ಗೆ ನಿದ್ದೆಗೆಟ್ಟವರನ್ನು ಎಬ್ಬಿಸಿ ಕೇಳಬೇಕಾಗಿಲ್ಲ.