ಒಸಾಕಾದ ನಗು ನನಗೆ ಒಲಿದದ್ದು ಹೀಗೆ

ನಾನು ಜಪಾನಿಗೆ ಬಂದು ಆಗಿನ್ನೂ ಎರಡು ತಿಂಗಳು. ಹಿಗಾಶಿ ಒಸಾಕಾದ ಸಣ್ಣ ಕಾರ್ಖಾನೆಯೊಂದರಲ್ಲಿ ಡಿಸೈನ್ ಕೆಲಸ. ಒಂದು ಬೆಳಿಗ್ಗೆ ಪಕ್ಕದ ಮೇಜಿನ ಹಿರಿಯರು ವರ್ನಿಯರ್ ಕ್ಯಾಲಿಪರ್ ಎತ್ತಿಕೊಂಡು ತಮ್ಮ ಮೂಗಿಗೆ ಹಿಡಿದರು. ಕನ್ನಡಕ ಸರಿಮಾಡಿಕೊಂಡು ಅಳತೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ಮುಖದಲ್ಲಿ ಒಂಚೂರೂ ನಗುವಿಲ್ಲದೆ, ‘0.2 ಮಿಲಿಮೀಟರ್ ಜಾಸ್ತಿ ಬಂದಿದೆ’ ಅಂದರು.

ನಾನು ಮುಗುಳ್ನಕ್ಕೆ. ಅವರು ಒಂದೆರಡು ಕ್ಷಣ ಕಾದರು. ನಾನು ಮತ್ತೊಮ್ಮೆ ಮುಗುಳ್ನಕ್ಕೆ. ಅವರು ಕ್ಯಾಲಿಪರನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು ಕೆಲಸ ಶುರು ಮಾಡಿದರು.

ಅವರು ಏನಕ್ಕೆ ಕಾಯ್ತಿದ್ದರು ಅನ್ನೋದು ಅರ್ಥವಾಗಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ಆ ವರ್ಷದಲ್ಲಿ ನಾನೊಂದು ದೊಡ್ಡ ತಪ್ಪನ್ನೂ ಮಾಡಿದೆ.

ನಮ್ಮಲ್ಲಿ ಸಲಿಗೆ ಇರುವ ಕಡೆ ಹೊಗಳುವ ಧಾಟಿಯಲ್ಲೇ ಬೈಯುತ್ತೇವೆ. ಗೆಳೆಯ ಕೈಯಲ್ಲಿದ್ದದ್ದನ್ನು ಕೆಡವಿದರೆ ‘ಶಭಾಷ್, ಏನ್ ಕೆಲಸ ಮಾಡ್ದೆ!’ ಅಂತೀವಿ. ಅವನೂ ನಗುತ್ತಾನೆ. ಅದು ಪ್ರೀತಿ ಅಂತ ಇಬ್ಬರಿಗೂ ಗೊತ್ತು. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಡ್ರಾಯಿಂಗಿನಲ್ಲಿ ಒಂದು ತೂತಿನ ಅಳತೆ ತಪ್ಪಾಗಿ ಹಾಕಿದ್ದ. ನಾನು ಅದೇ ಧಾಟಿಯಲ್ಲಿ, ಜಪಾನಿಯಲ್ಲಿ, ‘ವಾಹ್, ಅದ್ಭುತವಾಗಿದೆ!’ ಅಂದೆ. ಅವನು ತಲೆಬಾಗಿ ‘ತುಂಬಾ ಧನ್ಯವಾದ’ ಅಂದ. ಸಂಜೆ ಬೇರೆ ಯಾರೋ ತಪ್ಪನ್ನು ತೋರಿಸಿದಾಗ ಅವನ ಮುಖ ಇಳಿದುಹೋಯಿತು. ನಾನು ಹೊಗಳಿದ್ದು ಸುಳ್ಳು ಅಂತ ಅವನಿಗೆ ಆಗ ಗೊತ್ತಾಯಿತು. ಅದು ತಮಾಷೆ ಅಂತ ಮಾತ್ರ ಗೊತ್ತಾಗಲಿಲ್ಲ. ಮುಂದೆ ವಾರಗಟ್ಟಲೆ ತನ್ನ ಡ್ರಾಯಿಂಗುಗಳನ್ನು ನನಗೆ ತೋರಿಸಲೇ ಇಲ್ಲ. ನಾನು ಹೋಗಿ, ನೇರವಾದ ಮಾತಿನಲ್ಲಿ ಕ್ಷಮೆ ಕೇಳಿದೆ. ಅವನು ‘ಪರವಾಗಿಲ್ಲ’ ಅಂದ. ಆದರೆ ನನ್ನ ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು.

ವ್ಯಂಗ್ಯ ಜಪಾನಿನಲ್ಲಿ ಇಲ್ಲ ಅಂತಲ್ಲ. ಅದಕ್ಕೆ ‘ಹಿನಿಕು’ ಅನ್ನೋ ಮಾತೇ ಇದೆ. ಆದರೆ ನಾನು ಕಂಡ ಮಟ್ಟಿಗೆ ಅದು ಚುಚ್ಚುವ ಮಾತು, ಸಲಿಗೆಯ ಮಾತಲ್ಲ. ಸಲಿಗೆಗೆ ಅವರ ದಾರಿಯೇ ಬೇರೆ.

ಆ ದಾರಿಯ ಮೊದಲ ಸುಳಿವು ಸಿಕ್ಕಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ನಾನು ರೈಲು ತಪ್ಪಿಸಿಕೊಂಡ ಕಥೆಯನ್ನು ಉದ್ದಕ್ಕೆ ಹೇಳಿದೆ. ಎಲ್ಲರೂ ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ ಒಬ್ಬರು ‘ದೆ, ಒಚಿ ವಾ?’ ಅಂದರು. ಅಂದರೆ ‘ಸರಿ, ಕೊನೆಯ ತಿರುವು ಎಲ್ಲಿ?’ ಅಂತ. ನನಗೆ ಬೇಜಾರಾಯಿತು. ನನ್ನ ಕಥೆ ಇವರಿಗೆ ಬೇಡವಾಗಿತ್ತಾ ಅಂದುಕೊಂಡೆ. ಮೂಗು ಅಳೆದಿದ್ದ ಹಿರಿಯರೇ ಆಮೇಲೆ ಬಿಡಿಸಿ ಹೇಳಿದರು. ಒಸಾಕಾದಲ್ಲಿ ಹಾಗೆ ಕೇಳುವುದು ಅವಮಾನವಲ್ಲ, ನಮ್ಮವರು ಅಂದುಕೊಂಡವರನ್ನೇ ಕೇಳುವುದು ಅಂತ. ‘ಒಚಿ’ ರಾಕುಗೊ ಕಲೆಯಿಂದ ಬಂದ ಮಾತು. ರಾಕುಗೊ ಅಂದರೆ ಒಬ್ಬರೇ ದಿಂಬಿನ ಮೇಲೆ ಮಂಡಿಯೂರಿ ಕೂತು, ಒಂದು ಬೀಸಣಿಗೆ, ಒಂದು ಬಟ್ಟೆ ಇಷ್ಟರಲ್ಲೇ ಇಡೀ ಕಥೆ ಹೇಳುವುದು. ಆ ಕಥೆ ಕೊನೆಯಲ್ಲಿ ತಟ್ಟನೆ ತಿರುಗಿ ನಿಲ್ಲುವ ಜಾಗವೇ ಒಚಿ.

ಅವರೇ ನನ್ನನ್ನು ಒಸಾಕಾದ ನಂಬಾ ಪ್ರದೇಶದ ಹಾಸ್ಯ ರಂಗಮಂದಿರಕ್ಕೂ ಕರೆದುಕೊಂಡು ಹೋದರು. ಅಲ್ಲಿ ನಾನು ಮೊದಲ ಸಲ ಮಾನ್ಜಾಯ್ ನೋಡಿದೆ. ಇಬ್ಬರು ಕಲಾವಿದರು, ಮಧ್ಯೆ ಒಂದು ಮೈಕು. ಒಬ್ಬ ‘ಬೊಕೆ’. ಅವನು ಏನಾದರೂ ತಲೆಕೆಳಗಾದ ಮಾತು ಆಡುತ್ತಾನೆ. ಇನ್ನೊಬ್ಬ ‘ತ್ಸುಕ್ಕೊಮಿ’. ಅವನು ತಕ್ಷಣ ಅದನ್ನು ಹಿಡಿದು ತಿದ್ದುತ್ತಾನೆ, ಕೆಲವು ಸಲ ಕೈಯ ಹಿಂಬದಿಯಿಂದ ಜೊತೆಗಾರನ ಎದೆಗೆ ಮೆಲ್ಲಗೆ ತಟ್ಟುತ್ತಾನೆ. ಸೂಟು ಹಾಕಿ, ದಿನನಿತ್ಯದ ಮಾತಿನಲ್ಲೇ ನಡೆಯುವ ಈ ಬಗೆಯ ಮಾನ್ಜಾಯ್ ಒಸಾಕಾದಲ್ಲಿ ಬೆಳೆದದ್ದು 1930ರ ದಶಕದಲ್ಲಿ, ಎಂತಾತ್ಸು ಮತ್ತು ಅಚಾಕೊ ಎಂಬ ಜೋಡಿಯಿಂದ. 2001ರಲ್ಲಿ ಶುರುವಾದ ಎಂ-1 ಅನ್ನೋ ಮಾನ್ಜಾಯ್ ಸ್ಪರ್ಧೆಯ ಫೈನಲ್ ಡಿಸೆಂಬರಿನಲ್ಲಿ ಟಿವಿಯಲ್ಲಿ ಬರುತ್ತದೆ. ಮಾರನೇ ದಿನ ಕಾರ್ಖಾನೆಯಲ್ಲಿ ಬೇರೆ ಮಾತೇ ಇರುವುದಿಲ್ಲ.

ಆವತ್ತು ನಾನು ಗಮನಿಸಿದ್ದು ಒಂದೇ. ಬೊಕೆ ಮಾತಾಡಿದಾಗ ಜನ ಅರ್ಧ ನಗುತ್ತಾರೆ. ತ್ಸುಕ್ಕೊಮಿ ತಿದ್ದಿದಾಗ ಇಡೀ ಸಭಾಂಗಣ ನಗುತ್ತದೆ. ನಗುವಿನ ಬೀಗ ತೆಗೆಯುವವನು ಎರಡನೆಯವನು.

ಆ ಎರಡು ಕ್ಷಣ ಹಿರಿಯರು ಕಾಯ್ತಿದ್ದದ್ದು ಇದಕ್ಕೇ. ಅವರು ಬೊಕೆಯ ಹಾಗೆ ತಲೆಕೆಳಗಾದ ಮಾತು ಆಡಿದ್ದರು, ತಿದ್ದುವ ಕೆಲಸ ನನ್ನದಾಗಿತ್ತು. ನಾನು ಮರ್ಯಾದೆಯಿಂದ ಮುಗುಳ್ನಕ್ಕು ಅವರನ್ನು ಒಂಟಿಯಾಗಿ ನಿಲ್ಲಿಸಿಬಿಟ್ಟಿದ್ದೆ.

ಹಾಗಾಗಿ ನಾನು ಜೋಕು ಹೇಳೋದನ್ನು ಬಿಟ್ಟು ತ್ಸುಕ್ಕೊಮಿ ಕಲಿಯೋಕೆ ಕೂತೆ. ರಾತ್ರಿ ಮಾನ್ಜಾಯ್ ವಿಡಿಯೊ ಹಾಕುತ್ತಿದ್ದೆ. ಬೊಕೆಯ ಮಾತು ಮುಗಿದ ಕೂಡಲೇ ನಿಲ್ಲಿಸಿ, ನಾನೇ ಗಟ್ಟಿಯಾಗಿ ತಿದ್ದುತ್ತಿದ್ದೆ. ಆಮೇಲೆ ಮುಂದೆ ಓಡಿಸಿ ಅವರು ಏನು ಹೇಳಿದರು ಅಂತ ನೋಡಿ ಬರೆದುಕೊಳ್ಳುತ್ತಿದ್ದೆ. ಎಲ್ಲರಿಗೂ ಗೊತ್ತಿರೋ ತ್ಸುಕ್ಕೊಮಿ ಅಂದರೆ ‘ನಾಂದೆ ಯಾನೆನ್!’ ನಮ್ಮ ‘ಅದೆಂಗ್ ಮಾರಾಯಾ!’ ಅನ್ನೋದಕ್ಕೆ ತೀರಾ ಹತ್ತಿರ. ಆದರೆ ಒಳ್ಳೆಯ ಕಲಾವಿದರು ಅಷ್ಟಕ್ಕೇ ನಿಲ್ಲುವುದಿಲ್ಲ, ಎಲ್ಲಿ ತಪ್ಪಿದೆ ಅನ್ನೋದನ್ನು ನಾಲ್ಕೇ ಪದದಲ್ಲಿ ತೋರಿಸುತ್ತಾರೆ. ಡ್ರಾಯಿಂಗ್ ಚೆಕ್ ಮಾಡುವಾಗ ‘ಇದು ಸರಿಯಿಲ್ಲ’ ಅಂದರೆ ಸಾಕಾಗಲ್ಲ, ಯಾವ ಅಳತೆ ಸರಿಯಿಲ್ಲ ಅಂತ ಬೆರಳಿಟ್ಟು ತೋರಿಸಬೇಕು, ಅಲ್ವಾ? ಇದೂ ಅದೇ. ಇನ್ನು ‘ಮಾ’, ಅಂದರೆ ಮಾತಿನ ನಡುವಿನ ಬಿಡುವು, ಬಹಳ ಕಷ್ಟ. ತಲೆಯಲ್ಲಿ ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೆ ಚಿಕ್ಕ ಮಾತುಗಳನ್ನೇ ಬಾಯಿಗೆ ರೂಢಿ ಮಾಡಿಕೊಂಡೆ.

ಸುಮಾರು ಒಂದು ತಿಂಗಳಾದ ಮೇಲೆ ಹಿರಿಯರು ಮತ್ತೆ ಕ್ಯಾಲಿಪರ್ ಎತ್ತಿದರು. ಈ ಸಲ ಕಿವಿ. ‘ಎರಡೂ ಒಂದೇ ಅಳತೆ ಇಲ್ಲ, ವಾಪಸ್ ಕಳಿಸಬೇಕು’ ಅಂದರು. ನನ್ನ ಬಾಯಿಂದ ತಾನಾಗಿ ಬಂತು: ‘ನಾಂದೆ ಯಾನೆನ್! ಯಾರಿಗೆ ಕಳಿಸ್ತೀರಿ?’ ಆಚೆ ಮೇಜಿನವರು ತಲೆಯೆತ್ತಿ ಜೋರಾಗಿ ನಕ್ಕರು. ಹಿರಿಯರು ನಗಲಿಲ್ಲ. ಕ್ಯಾಲಿಪರ್ ಕೆಳಗಿಟ್ಟು ನನ್ನ ಭುಜದ ಮೇಲೆ ಕೈಯಿಟ್ಟರು. ಆ ಕೈಯ ಭಾರ ನನಗೆ ಇನ್ನೂ ನೆನಪಿದೆ.

ಕಲಿತದ್ದು ಎಲ್ಲಾ ಕಡೆ ನಡೆಯುವುದಿಲ್ಲ ಅನ್ನೋದೂ ಬೇಗ ತಿಳಿಯಿತು. ಒಸಾಕಾದಲ್ಲಿ ‘ಅಹೊ’ ಅಂದರೆ ನಾವು ಪ್ರೀತಿಯಿಂದ ‘ಪೆದ್ದ’ ಅಂದ ಹಾಗೆ. ಅದೇ ಅರ್ಥದ ‘ಬಕ’ ಅಂತ ಕರೆದರೆ ನೋವಾಗುತ್ತದೆ. ಟೋಕಿಯೊ ಕಡೆ ಇದು ಉಲ್ಟಾ. ಟೋಕಿಯೊದ ಗ್ರಾಹಕರೊಬ್ಬರ ತಮಾಷೆಗೆ ನಾನು ‘ಅಹೊ’ ಸೇರಿಸಿ ತ್ಸುಕ್ಕೊಮಿ ಹೇಳಿದಾಗ ಮಾತುಕತೆ ಅಲ್ಲೇ ತಣ್ಣಗಾಯಿತು. ಈಗ ಅಲ್ಲಿಗೆ ಹೋದರೆ ಎದುರಿನವರು ಶುರು ಮಾಡುವ ತನಕ ಸುಮ್ನೆ ಇರುತ್ತೇನೆ.

ಪನ್ನುಗಳ ವಿಷಯದಲ್ಲಿ ಮಾತ್ರ ನನಗೆ ಮೊದಲಿನಿಂದಲೂ ಖುಷಿ. ಅವರ ದಜಾರೆ ಥೇಟ್ ನಮ್ಮ ಪನ್ನಿನ ಹಾಗೇ. ‘ಫುತೊನ್ ಗ ಫುತ್ತೊಂದಾ’ ಅಂದರೆ ಹಾಸಿಗೆ ಹಾರಿಹೋಯ್ತು ಅಂತ, ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಒಳ್ಳೆಯ ಪನ್ನಿಗೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ‘ಸಮುಯ್’, ಅಂದರೆ ‘ಚಳಿ’ ಅಂತಾರೆ. ತೋಳು ಉಜ್ಜಿಕೊಂಡು ನಡುಗಿ ತೋರಿಸುತ್ತಾರೆ. ಆ ನಡುಕವೂ ಒಂದು ತ್ಸುಕ್ಕೊಮಿಯೇ ಅಂತ ತಿಳಿದ ಮೇಲೆ ನಾನು ಧೈರ್ಯವಾಗಿ ಪನ್ ಹಾಕುತ್ತೇನೆ.

ಆ ಹುಡುಗನ ವಿಷಯ. ಹೋದ ತಿಂಗಳು ನನ್ನ ಮೇಜಿನ ಹತ್ತಿರ ಬಂದ. ಎರಡೂ ಕೈಯಲ್ಲಿ ಒಂದು ಹಾಳೆ ಹಿಡಿದು, ತಲೆಬಾಗಿ, ‘ಮೂರು ಸಲ ಚೆಕ್ ಮಾಡಿದ್ದೇನೆ, ಒಂದು ತಪ್ಪೂ ಇಲ್ಲ’ ಅಂದ. ನೋಡಿದರೆ ಖಾಲಿ ಹಾಳೆ. ಮುಖ ಗಂಭೀರ, ಕಣ್ಣು ನನ್ನ ಮೇಲೆ. ಕಾಯ್ತಾ ಇದ್ದ.

‘ಗೆರೆನೇ ಇಲ್ವಲ್ಲೋ!’ ಅಂದೆ.

ಅವನು ನಕ್ಕು, ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಿಜವಾದ ಡ್ರಾಯಿಂಗ್ ತೆಗೆದು ಮೇಜಿನ ಮೇಲೆ ಹರಡಿದ. ‘ಈ ತೂತಿನ ಅಳತೆ ಒಂದ್ಸಲ ನೋಡ್ತೀರಾ?’ ಅಂತ ಕೇಳಿದ.