ಹಿರಿಯರ ತೊಡೆಗೆ ಬಲ: ಕುರ್ಚಿ, ಕಾಳು, ಒಂದೆರಡು ಮೊಟ್ಟೆ

ಜಗಲಿಯಿಂದ ಅಜ್ಜಿ ಕೈಯೂರಿಯೇ ಏಳುತ್ತಿದ್ದರೆ, ಮೊಣಕಾಲಿಗೆ ಮುಲಾಮು ಹುಡುಕುವ ಮುಂಚೆ ತೊಡೆಯ ಸ್ನಾಯು ನೋಡಿ. ವಯಸ್ಸಾದಂತೆ ಹೆಚ್ಚು ಸೊರಗುವುದು ಸ್ನಾಯುವಿನಲ್ಲಿ ತಟ್ಟನೆ ಬಿಗಿಯುವ ವೇಗದ ಎಳೆಗಳು. ಎಡವಿದಾಗ ತಟ್ಟನೆ ಕಾಲೂರಿ ಸಾವರಿಸಿಕೊಳ್ಳುವುದು ಅವುಗಳಿಂದಲೇ.

ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಪ್ಲಾಸ್ಟಿಕ್ಕಿನದು ಜಾರುತ್ತದೆ. ಕೈಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. 12 ಸೆಕೆಂಡು ದಾಟಿದರೆ ಬಲ ಕುಂದಿದೆ. ಮೀನಖಂಡದ ದಪ್ಪ ಭಾಗಕ್ಕೆ ಟೇಪು ಸುತ್ತಿ: ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯು ಸೊರಗಿರುವ ಅನುಮಾನ. ಕಾಲು ಊದಿದ್ದರೆ ಈ ಅಳತೆ ನಂಬಬೇಡಿ.

ಊಟದ ಲೆಕ್ಕವೇ ಹೆಚ್ಚಾಗಿ ತಪ್ಪುವುದು. ಹಿರಿಯರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 55 ಕೆ.ಜಿ.ಯವರಿಗೆ 55–66 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಇರುವುದು ಸುಮಾರು 7 ಗ್ರಾಂ. ಕೋಲಾರದ ಕಡೆ ಹಲ್ಲು ಹೋದವರು ಬಸ್ಸಾರಿನಲ್ಲಿ (ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು) ಮುದ್ದೆ ನುಂಗಿ, ಕಾಳಿನ ಪಲ್ಯವನ್ನು ತಟ್ಟೆಯಂಚಿಗೆ ತಳ್ಳುತ್ತಾರೆ. ಪ್ರೋಟೀನಿನ ಬಹುಪಾಲು ಉಳಿಯುವುದು ಅಲ್ಲೇ! ಖಾರ ರುಬ್ಬುವಾಗ ಹಿಡಿ ಕಾಳು ಹಾಕುವುದು ವಾಡಿಕೆ. ಅವರ ಪಾಲಿನದನ್ನು ಪೂರ್ತಿ ನುಣ್ಣಗೆ ರುಬ್ಬಿ ಸಾರಿಗೇ ಸೇರಿಸಿ. ದಿನದ ಪ್ರೋಟೀನನ್ನು ಗ್ರಾಂನಲ್ಲಿ ಕೂಡಿಸಿ. ಎರಡು ಮುದ್ದೆಗೆ 14, ಒಣ ಹುರುಳಿ 50 ಗ್ರಾಂಗೆ 11, ಎರಡು ಮೊಟ್ಟೆಗೆ 12, ಹಾಲು 400 ಮಿ.ಲೀ.ಗೆ 13, ಕಡಲೆಕಾಯಿ ಬೀಜ 30 ಗ್ರಾಂಗೆ 7: ಒಟ್ಟು 57. ಮೊಟ್ಟೆ, ಹಾಲು ಬೆಳಿಗ್ಗೆಯೇ ಸೇರಲಿ. ಬರೀ ಕಾಫಿಯಲ್ಲಿ ಮಧ್ಯಾಹ್ನದವರೆಗೆ ತಳ್ಳಿ ಎಲ್ಲವನ್ನೂ ರಾತ್ರಿಗೆ ಉಳಿಸಬೇಡಿ. ಮುದಿ ಸ್ನಾಯುವಿಗೆ ಪ್ರತಿ ಊಟದಲ್ಲೂ ಪ್ರೋಟೀನಿನ ಒಂದಿಷ್ಟು ದೊಡ್ಡ ಪಾಲೇ ಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ತೋರಿಸಿ, ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಲಿ.

ತಿಂದದ್ದು ಸ್ನಾಯುವಾಗಲು ಭಾರ ಬೇಕು. "ಹೊಲದಲ್ಲಿ ಓಡಾಡ್ತಾರಲ್ಲ" ಎಂಬ ಮಾತು ಸಾಲದು. ನಡಿಗೆ ಹೃದಯಕ್ಕೆ ಒಳ್ಳೆಯದು, ತೊಡೆಗೆ ಹಗುರ. ಅದೇ ಕುರ್ಚಿಯಲ್ಲಿ ಎಂಟರಿಂದ ಹತ್ತು ಸಲ ಏಳಲಿ, ಎರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು, ವಾರಕ್ಕೆ ಮೂರು ದಿನ. ಕೂರುವಾಗ ಮೂರೆಣಿಸುತ್ತ ನಿಧಾನ. ಧೊಪ್ಪನೆ ಕುಸಿದರೆ ಅರ್ಧ ಕೆಲಸ ಹೋಯಿತು. ಉಸಿರು ಬಿಗಿಹಿಡಿದರೆ ಬಿ.ಪಿ. ಏರುತ್ತದೆ, ಏಳುವಾಗ ಉಸಿರು ಬಿಡಲಿ. ಹತ್ತು ಸಲೀಸಾದರೆ ಒಂದು ಕೆ.ಜಿ. ರಾಗಿ ಹಿಟ್ಟಿನ ಪೊಟ್ಟಣ ಎದೆಗವಚಿಕೊಂಡು ಮಾಡಲಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ.

ಈ ವಯಸ್ಸಿಗೆ ಏನು ಬಂತು ಅನ್ನುವವರಿಗೆ: 1990ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರು ಎಂಟು ವಾರ ಭಾರ ಎತ್ತಿ ಕಾಲಿನ ಬಲವನ್ನು ದುಪ್ಪಟ್ಟು ಮೀರಿಸಿದ್ದರು. ನೀವೂ ಎಂಟು ವಾರಕ್ಕೆ ಗಡಿಯಾರ ಹಿಡಿದು ಮತ್ತೆ ಐದು ಸಲ ಎಬ್ಬಿಸಿ ನೋಡಿ. ತಕ್ಕಡಿ ಅಲುಗದಿದ್ದರೂ ಸೆಕೆಂಡು ಇಳಿದಿರುತ್ತದೆ.